ಖೋಟಾಕ್ಕೆ ಅಪ್ಪ ಹೇಳಿಕೊಟ್ಟ ಇಂಗ್ಲಿಷು

ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, ಅವ್ವ ಎಲ್ಲರ ತಟ್ಟೆಗೂ ಉಪ್ಪಿನಕಾಯಿ ಬಡಿಸಿ ಮುಗಿಸುವ ಹೊತ್ತಿಗೆ ಅಪ್ಪ ಒಂದು ಇಂಗ್ಲಿಷ್ ಪದ ಬಡಿಸುತ್ತಿದ್ದರು. ಅವರು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ. ಅಕ್ಕ ಪಾರ್ವತಿ, ನಾನು, ಇಬ್ಬರೇ. ಅಕ್ಕನನ್ನು ಲೋವರ್ ಸೆಕೆಂಡರಿ ಮುಗಿದೊಡನೆ ಶಾಲೆ ಬಿಡಿಸಿದ್ದರು. ಅದು ಅವ್ವನ ಹಟ. ಅಪ್ಪ ಎದುರಾಡಲಿಲ್ಲ, ಆದರೆ ಶಾಲೆಯನ್ನು ಅಡಿಗೆಮನೆಗೇ ತಂದುಬಿಟ್ಟರು. ಕೋಟೆಯ ಹಿಂದಿನ ಓಣಿಯಲ್ಲಿ ನಮ್ಮದು ಬಾಡಿಗೆ ಮನೆ. ಬೀದಿಗೆ ಜಗಲಿ, ಅದರ ಹಿಂದೆ ಪಡಸಾಲೆ, ಪಡಸಾಲೆಗೆ ಅಂಟಿಕೊಂಡು ಕಿಟಕಿಯಿಲ್ಲದ ಒಂದು ಕೋಣೆ, ಅಲ್ಲಿಂದ ಎರಡು ಮೆಟ್ಟಿಲಿಳಿದರೆ ಅಡಿಗೆಮನೆ. ಆ ಅಡಿಗೆಮನೆಯ ಗೋಡೆ ಹೊಗೆ ಹಿಡಿದು ಕಪ್ಪಾಗಿತ್ತು. ಅಪ್ಪ ಕಾಗುಣಿತ ತೋರಿಸಬೇಕಾದಾಗ ಊಟದ ನಡುವೆಯೇ ಎಡಗೈಯಿಂದ ಆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಎಂಜಲು ಕೈಯವರು ಎಡಗೈಯಲ್ಲಿ ವಿದ್ಯೆ ಬರೀತಾರೆ ಅಂತ ಅವ್ವ ಗೊಣಗುತ್ತಿದ್ದಳು. ಮರುದಿನ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿಹಾಕುವವಳೂ ಅವಳೇ.

ಎರಡನೇ ಮಹಾಯುದ್ಧ ಶುರುವಾಗಿ ಪೇಟೆಯಲ್ಲಿ ಒಳ್ಳೆಯ ಸಾಮಾನು ಸಿಗದಂತಾದ ಮೇಲೆ ಅಪ್ಪನ ಪದಗಳೂ ಆ ಕಡೆಗೇ ತಿರುಗಿದವು. ತುಪ್ಪದಲ್ಲಿ ವನಸ್ಪತಿ, ಕಾಫಿಪುಡಿಯಲ್ಲಿ ಹುರಿದ ಹುಣಿಸೆಬೀಜ, ರೇಷ್ಮೆಯೆಂದು ಕೊಂಡದ್ದು ಒಂದೇ ಒಗೆತಕ್ಕೆ ಗೋಣಿಯಂತಾಗುವುದು, ಕಲ್ಲಿಗೆ ಬಡಿದರೆ ದನಿ ಬರದ ರೂಪಾಯಿ, ಇವೆಲ್ಲ ಮನೆಮನೆಯ ಮಾತಾಗಿದ್ದ ಕಾಲ ಅದು. ಇಂಥ ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಹೆಸರಿದೆ ಅನ್ನುವುದು ಅಪ್ಪನಿಗೆ ಬಹಳ ಖುಷಿಯ ಸಂಗತಿಯಾಗಿತ್ತು. ಅನ್ನ ಕಲಸುತ್ತ ಹೇಳುತ್ತಿದ್ದರು:

"ಇಮಿಟೇಷನ್ ಅಂದ್ರೆ, ನಾನು ಅಸಲಿ ಅಲ್ಲ ಅಂತ ತಾನೇ ಒಪ್ಪಿಕೊಂಡಿರೋದು. ಅದರಲ್ಲಿ ಮೋಸ ಇಲ್ಲ. ಕೌಂಟರ್‌ಫಿಟ್ ಅಂದ್ರೆ, ನಾನೇ ಅಸಲಿ ಅಂತ ಹೇಳಿಕೊಂಡು ಕೈಗೆ ಬರೋದು. ಫೋರ್ಜರಿ ಅನ್ನೋದು ಸಹಿಗೆ, ಪತ್ರಕ್ಕೆ. ಬೋಗಸ್ ಅಂದ್ರೆ ಹೆಸರಿಗೆ ಮಾತ್ರ ಇರೋದು, ಒಳಗೆ ಏನೂ ಇಲ್ಲದ್ದು. ಶಾಮ್ ಅನ್ನೋದು ನಡತೆಗೆ. ಅಳು ಬರದೇ ಇದ್ರೂ ಅತ್ತರೆ ಅದು ಶಾಮ್."

"ಹಾಗಾದ್ರೆ ಶಾಂತೂನ ಹೊಟ್ಟೆನೋವು ಶಾಮ್ ಅಪ್ಪ," ಅಂತ ಅಕ್ಕ ತಕ್ಷಣ ನನ್ನ ಕಡೆ ಬೆರಳು ತೋರಿಸಿ ಹೇಳಿದಳು. "ಶಾಲೆ ಇರೋ ದಿನ ಮಾತ್ರ ಬರುತ್ತೆ."

ಅಪ್ಪ ನಗುತ್ತ ನಗುತ್ತ ನೆತ್ತಿಗೇರಿಸಿಕೊಂಡರು. ಅವ್ವ ಅವರ ಮುಂದೆ ನೀರಿನ ಚೊಂಬು ಕುಕ್ಕಿದಳು.

"ಇಷ್ಟು ಥರದ ಮೋಸಕ್ಕೆ ಕೂತು ಹೆಸರಿಟ್ಟಿದಾರಲ್ಲ, ಆ ಜನಕ್ಕೆ ಬೇರೆ ಕೆಲಸ ಇರಲಿಲ್ವ? ನಮಗೆ ಖೋಟಾ ಅನ್ನೋದೊಂದು ಸಾಕು."

"ಅದೂ ನಮ್ಮ ಪದ ಅಲ್ಲ ಮಾರಾಯ್ತಿ, ಉರ್ದುವಿನಿಂದ ಬಂದದ್ದು," ಅಂದರು ಅಪ್ಪ.

ಅವ್ವನ ತಮ್ಮ ಚನ್ನಬಸಪ್ಪ, ನಮ್ಮ ಚನ್ನಮಾವ, ಈ ಊಟದ ಪಂಕ್ತಿಯಲ್ಲಿ ವಾರಕ್ಕೆ ಆರು ದಿನ ಇರುತ್ತಿದ್ದ. ಪೇಟೆಯಲ್ಲಿ ಅವನದೊಂದು ಸಣ್ಣ ಅಂಗಡಿ. ಬಾಚಣಿಗೆ, ಸೂಜಿದಾರ, ಸಾಬೂನು, ಸೀರೆಯ ಅಂಚು ಮಾರುತ್ತಿದ್ದ. ಅವನ ಹೆಂಡತಿ ನೀಲಮ್ಮತ್ತೆ ಕುಂಸಿಯ ಮನೆಯಲ್ಲಿದ್ದಳು. ಮಕ್ಕಳಿರಲಿಲ್ಲ. ವಾರವೆಲ್ಲ ಅಂಗಡಿಯಲ್ಲೇ ಮಲಗಿ, ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೆ ಬಂದು, ವಾರದ ಕೊನೆಗೆ ಕುಂಸಿಗೆ ಹೋಗುವುದು ಅವನ ಕ್ರಮ. ತಾಯಿ ಸತ್ತಾಗ ಅವನಿನ್ನೂ ತೆವಳುವ ಕೂಸು. ಅವ್ವನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಹಾಗಾಗಿ ನಮ್ಮ ಮನೆಯಲ್ಲಿ ಅವನು ನೆಂಟನೂ ಅಲ್ಲ, ಪೂರ್ತಿ ಮನೆಯವನೂ ಅಲ್ಲ. ಅವ್ವನ ದೊಡ್ಡ ಮಗ ಅನ್ನಬಹುದು. ಇಂಗ್ಲಿಷಿನ ಒಂದಕ್ಷರವೂ ಅವನಿಗೆ ಬರುತ್ತಿರಲಿಲ್ಲ. ಅಪ್ಪ ಪದ ಹೇಳುವಾಗ ಅವನು ತಲೆ ಬಗ್ಗಿಸಿ, ಅವರಿವರ ಮನೆಯ ಮಾತು ಕಿವಿಗೆ ಬಿದ್ದವರ ಹಾಗೆ, ಸುಮ್ಮನೆ ಉಣ್ಣುತ್ತಿದ್ದ. ಅಪ್ಪನ ಮೇಲೆ ಅವನಿಗೆ ಭಯವೂ ಇತ್ತು, ಹೆಮ್ಮೆಯೂ ಇತ್ತು. ಅಂಗಡಿಗೆ ಬಂದವರಿಗೆಲ್ಲ "ನಮ್ಮ ಭಾವ ಇಂಗ್ಲಿಷ್ ಮೇಷ್ಟ್ರು" ಅಂತ ಹೇಳುತ್ತಿದ್ದನೆಂದು ಓಣಿಯವರು ನಮ್ಮ ಮುಂದೆ ಆಡಿಕೊಂಡು ನಗುತ್ತಿದ್ದರು.

ಅಕ್ಕನನ್ನು ಭದ್ರಾವತಿಗೆ ಕೊಟ್ಟರು. ಭಾವ ಮಹಾದೇವಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರದ ಕೆಲಸದಲ್ಲಿದ್ದರು. ಜನ್ನಾಪುರದಲ್ಲಿ ಮನೆ, ಮನೆಯಲ್ಲಿ ತಾಯಿ. ಮದುವೆಗೆ ಸೋದರಮಾವನ ಸೀರೆಯೆಂದು ಚನ್ನಮಾವ ಒಂದು ಕೆಂಪು ಸೀರೆ ತಂದಿದ್ದ. ಅಂಗೈಯಗಲದ ಜರಿಯಂಚು. ಅದನ್ನು ಬಿಚ್ಚಿ ತೋರಿಸಿದಾಗ ಅವ್ವ ಸೆರಗನ್ನು ಕೆನ್ನೆಗೆ ಒತ್ತಿಕೊಂಡಿದ್ದು ನನಗೆ ನೆನಪಿದೆ. ಮದುವೆಯಾಗಿ ಸ್ವಲ್ಪ ದಿನಕ್ಕೇ ಜನ್ನಾಪುರದಿಂದ ಮಾತು ಬಂತು. ಅಕ್ಕನ ಅತ್ತೆ ಜರಿಯ ಒಂದೆಳೆ ಕಿತ್ತು ದೀಪಕ್ಕೆ ಹಿಡಿದು ನೋಡಿದರಂತೆ. ಸುಟ್ಟು ಕರ್ರಗಾಯಿತಂತೆ. ಒಳಗೆ ಬರೀ ನೂಲು. ಮರುದಿನ ಊಟಕ್ಕೆ ಕೂತಾಗ ಅಪ್ಪ ಅದನ್ನೇ ಎತ್ತಿಕೊಂಡರು. ಬೈಯುವ ಉದ್ದೇಶ ಅವರಿಗಿರಲಿಲ್ಲ. ಅವರಿಗೆ ಅದೊಂದು ಪಾಠ, ಅಷ್ಟೆ.

"ಚನ್ನಬಸಪ್ಪ, ಆ ಸೀರೆ ಜರಿ ಅಸಲಿ ಅಂತ ಹೇಳಿ ಕೊಟ್ಟಿದ್ರಾ ನಿನಗೆ?"

"ಅಸಲಿ ಅಂತಲೇ ನಂಬಿ ತಂದೆ ಭಾವ. ಗೊತ್ತಿದ್ದವರ ಹತ್ರಾನೇ ತಂದೆ."

"ನೋಡು ಶಾಂತೂ," ಅಂತ ಅಪ್ಪ ನನ್ನ ಕಡೆ ತಿರುಗಿದರು. "ಹಾಗಾದ್ರೆ ಅದು ಇಮಿಟೇಷನ್ ಅಲ್ಲ. ಕೌಂಟರ್‌ಫಿಟ್. ಈಗ ವ್ಯತ್ಯಾಸ ತಿಳೀತಾ?"

ನನಗೆ ತಿಳಿಯಿತು. ಮಾವನ ಕೈ ತಟ್ಟೆಯಲ್ಲೇ ನಿಂತಿದ್ದೂ ಕಂಡಿತು. ಅವನು ಮಜ್ಜಿಗೆಗೆ ಕಾಯದೆ ಎದ್ದು ಹೋಗಿ ಬಚ್ಚಲಲ್ಲಿ ಕೈ ತೊಳೆದುಕೊಂಡ. ಅಂದು ಸಾಯಂಕಾಲ ಅಪ್ಪ ಅವ್ವನಿಗೆ ಜಗಳವಾಯಿತು. ತೌರಿನವರೆಂದರೆ ನಿಮಗೆ ಅಷ್ಟು ಸಸಾರವೇ ಅಂತ ಅವ್ವ, ಮಕ್ಕಳಿಗೆ ಒಂದು ಪದ ಹೇಳಿಕೊಡೋದೂ ತಪ್ಪೇ ಅಂತ ಅಪ್ಪ. ಅಪ್ಪನಿಗೆ ಕೊನೆಗೂ ಅರ್ಥವಾಗಲಿಲ್ಲ. ಮಾವ ಎರಡು ದಿನ ಊಟಕ್ಕೆ ಬರಲಿಲ್ಲ, ಮೂರನೆಯ ದಿನ ಅವ್ವನೇ ಅಂಗಡಿಗೆ ಹೋಗಿ ಕರೆತಂದಳು.

ಅಕ್ಕ ಬಸುರಿಯಾದಳು. ಚೊಚ್ಚಲ ಬಸುರಿ, ಏಳು ತಿಂಗಳಿಗೆ ಕರೆತರುವುದೆಂದು ಅವ್ವ ಹಪ್ಪಳ ಸಂಡಿಗೆ ಮಾಡಿ ಡಬ್ಬಿ ತುಂಬಿಸುತ್ತಿದ್ದಳು. ಅಷ್ಟರಲ್ಲಿ ಅವಳಿಗೆ ಚಳಿಜ್ವರವೆಂದು ಸುದ್ದಿ ಬಂತು. ಆ ಕಾಲದ ಭದ್ರಾವತಿಯಲ್ಲಿ ಚಳಿಜ್ವರ ಬಾರದ ಮನೆಯೇ ಇರಲಿಲ್ಲ, ಹಾಗಾಗಿ ಯಾರೂ ಮೊದಲು ಗಾಬರಿಯಾಗಲಿಲ್ಲ. ಅವ್ವ ನನ್ನನ್ನೂ ಕರೆದುಕೊಂಡು ರೈಲಿನಲ್ಲಿ ಹೋದಳು. ನಾವು ಹೋಗುವ ಹೊತ್ತಿಗೆ ಭಾವ ಕೆಲಸಕ್ಕೆ ಹೋಗಿದ್ದರು. ಪಕ್ಕದ ಮನೆಯ ತಮಿಳು ಹೆಂಗಸು ಚೆಲ್ಲಮ್ಮ ಅಕ್ಕನ ಕಾಲ ಮೇಲೆ ತಾನೇ ಅಡ್ಡ ಮಲಗಿ, ನಡುಕ ತಡೆಯಲು ಹಿಡಿದುಕೊಂಡಿದ್ದಳು. ಅಕ್ಕನ ಹಲ್ಲು ಕಟಕಟ ಅನ್ನುವುದು ಬಾಗಿಲಿಗೇ ಕೇಳುತ್ತಿತ್ತು. ಚಳಿ ಇಳಿದು ಬೆವರು ಬಿಟ್ಟ ಮೇಲೆ ಅವಳು ಕಣ್ಣು ತೆರೆದು ನನ್ನನ್ನು ನೋಡಿ, "ಇದು ಶಾಮ್ ಅಲ್ಲ ಕಣೇ," ಅಂದಳು. ಅವ್ವ ಅಲ್ಲೇ ಅತ್ತುಬಿಟ್ಟಳು. ಜ್ವರ ಬಿಟ್ಟ ದಿನ ನೋಡಿಕೊಂಡು ಅವಳನ್ನು ಶಿವಮೊಗ್ಗಕ್ಕೆ ಕರೆತಂದು ಪಡಸಾಲೆಯ ಪಕ್ಕದ ಆ ಕೋಣೆಯಲ್ಲಿ ಮಲಗಿಸಿದೆವು.

ಡಾಕ್ಟರು ಬಂದು ನೋಡಿ, ಕ್ವಿನೈನ್ ಒಂದೇ ಇದಕ್ಕೆ ಮದ್ದು, ಬಸುರಿಗೆ ಕೊಡುವಾಗ ಎಚ್ಚರ ಬೇಕು, ಆದರೆ ಕೊಡದೆ ಬೇರೆ ದಾರಿಯಿಲ್ಲ ಅಂದರು. ಹಾಗೆ ಹೇಳಿದವರೇ, ಆಸ್ಪತ್ರೆಯಲ್ಲಿ ಈಗ ಕ್ವಿನೈನ್ ಇಲ್ಲ ಅಂತಲೂ ಹೇಳಿದರು. ಬರುವ ದಾರಿಯೇ ಯುದ್ಧದಿಂದ ಮುಚ್ಚಿದೆ, ಬಂದಷ್ಟೂ ಸಿಪಾಯಿಗಳಿಗೆ ಹೋಗುತ್ತಿದೆ, ಎಲ್ಲಾದರೂ ಸಿಕ್ಕರೆ ತನ್ನಿ ಅಂದರು. ಅಪ್ಪ ಗೊತ್ತಿದ್ದವರನ್ನೆಲ್ಲ ಕೇಳಿದರು. ಹಳೇ ವಿದ್ಯಾರ್ಥಿಗಳ ಮನೆ ಬಾಗಿಲಿಗೆ ಹೋಗಿ ನಿಂತರು. ಯಾರ ಹತ್ತಿರವೂ ಇರಲಿಲ್ಲ, ಇದ್ದವರು ಇಲ್ಲವೆಂದರು. ಅವ್ವ ಅಮೃತಬಳ್ಳಿ ಕಷಾಯ ಕಾಯಿಸಿದಳು, ನೆಲಬೇವು ಅರೆದಳು, ಹರಕೆ ಹೊತ್ತಳು. ದಿನ ಬಿಟ್ಟು ದಿನ, ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಚಳಿ ಬರುತ್ತಿತ್ತು. ಮನೆಯ ಕಂಬಳಿ, ಜಮಖಾನೆ, ಚಾಪೆಗಳನ್ನೆಲ್ಲ ಹೊದಿಸಿ ನಾನೂ ಅವ್ವನೂ ಮೇಲೆ ಕೂರುತ್ತಿದ್ದೆವು. ಹೊಟ್ಟೆಯ ಮೇಲೆ ಭಾರ ಬೀಳದ ಹಾಗೆ ಹೇಗೆ ಹಿಡಿಯಬೇಕೆಂದು ಚೆಲ್ಲಮ್ಮ ತೋರಿಸಿಕೊಟ್ಟಿದ್ದಳು.

ಒಂದು ಮಧ್ಯಾಹ್ನ ಚನ್ನಮಾವ ಓಡಿಕೊಂಡೇ ಬಂದ. ಮೈಯೆಲ್ಲ ಬೆವರು. ಅಂಗಿಯ ಒಳಜೇಬಿನಿಂದ ಒಂದು ಸಣ್ಣ ಗಾಜಿನ ಶೀಶೆ ತೆಗೆದು ಅಪ್ಪನ ಕೈಗೆ ಕೊಟ್ಟ. ಒಳಗೆ ಬಿಳಿ ಮಾತ್ರೆಗಳು.

"ಸಿಕ್ತು ಭಾವ. ಭದ್ರಾವತಿ ಸ್ಟೇಷನ್ ಹತ್ರ ಒಬ್ಬ ಕೊಡ್ತಾನೆ ಅಂದ್ರು. ಹಿಂದೆ ಬಿದ್ದು ಇಸ್ಕೊಂಡು ಬಂದೆ. ಸ್ವಲ್ಪ ನೋಡಿ. ನಂಗೆ ಗೊತ್ತಾಗಲ್ಲ. ನೀವು ಓದಿ ನೋಡಿ."

ಅಪ್ಪ ಕನ್ನಡಕ ಹಾಕಿಕೊಂಡು ಜಗಲಿಯ ಬೆಳಕಿಗೆ ಹೋದರು. ಶೀಶೆಗೆ ಅಂಟಿಸಿದ ಚೀಟಿಯನ್ನು ಅಕ್ಷರ ಬಿಡದೆ ಓದಿದರು. ಪೇಟೆಯ ಖೋಟಾ ಸಾಮಾನಿನ ಮೇಲಿನ ಇಂಗ್ಲಿಷಿನಲ್ಲಿ ತಪ್ಪು ಹುಡುಕಿ ನಗುವುದು ಅವರ ಚಟವಾಗಿತ್ತು. ಎಷ್ಟೋ ಸಾಬೂನಿನ ಪೊಟ್ಟಣಗಳನ್ನು ಅವರು ಹಾಗೆ ಕಾಗುಣಿತದಿಂದಲೇ ಹಿಡಿದಿದ್ದರು. ಇದರಲ್ಲಿ ಒಂದು ತಪ್ಪೂ ಇರಲಿಲ್ಲ. ಕಷ್ಟದ ಪದಗಳೂ ಸರಿಯಾಗಿದ್ದವು. ಆಮೇಲೆ ಒಂದು ಮಾತ್ರೆ ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡು ಮುಖ ಹಿಂಡಿದರು.

"ಕಹಿ," ಅಂದರು. "ಜೆನ್ಯುಯಿನ್."

ಆ ಪದದ ಅರ್ಥ ಯಾರೂ ಕೇಳಲಿಲ್ಲ. ಅಪ್ಪನ ಮುಖ ನೋಡಿದರೆ ಸಾಕಾಗಿತ್ತು. ಅವ್ವ ತಮ್ಮನ ತಲೆಯ ಮೇಲೆ ಕೈಯಿಟ್ಟಳು. ಅಪ್ಪ ಅವನ ಭುಜ ತಟ್ಟಿ, ಬಹಳ ದಿನಗಳ ಮೇಲೆ ತಾವೇ ಕೈಯಾರೆ ಅವನಿಗೆ ಮಣೆ ಹಾಕಿದರು. ಮಾವ ಒಂದು ಮಾತು ಕೇಳಿದ. ಕುಂಸಿಯಲ್ಲಿ ನೀಲಮ್ಮನಿಗೂ ಜ್ವರ ಶುರುವಾಗಿದೆ, ಪಾರುಗೆ ಬೇಕಾದ್ದು ಇಟ್ಟುಕೊಂಡು ಉಳಿದದ್ದು ಕೊಡ್ತೀಯಾ ಅಕ್ಕ ಅಂದ. ಅವ್ವ ಅರ್ಧ ಮಾತ್ರೆಗಳನ್ನು ಒಂದು ಬಟ್ಟಲಿಗೆ ಸುರಿದುಕೊಂಡು ಶೀಶೆಯನ್ನು ಅವನಿಗೇ ವಾಪಸು ಕೊಟ್ಟಳು.

ಮಾತ್ರೆ ಕೊಟ್ಟ ಮರುದಿನ ಅಕ್ಕ ಎದ್ದು ಕೂತಳು. ಹಸಿವು ಅಂದಳು. ಮೆಂತ್ಯದ ಸಾರು, ಬಿಸಿ ಅನ್ನ ಉಂಡಳು. ನನ್ನಿಂದ ತಲೆ ಬಾಚಿಸಿಕೊಂಡಳು. ಹೊಟ್ಟೆಯೊಳಗೆ ಮಗು ಒದೆಯುವುದನ್ನು ತೋರಿಸಲು ನನ್ನ ಕೈ ಎಳೆದು ಇಟ್ಟುಕೊಂಡಳು. ಅದು ಜ್ವರ ಬಿಡುವ ದಿನವೇ ಆಗಿತ್ತು, ಮಾತ್ರೆ ಇಲ್ಲದಿದ್ದರೂ ಅಂದು ಅವಳು ಎದ್ದು ಕೂರುತ್ತಿದ್ದಳು. ಇದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಮರುದಿನ ಚಳಿ ಬಂತು. ಮದ್ದು ಮೈಗೆ ಹತ್ತಲು ಹೊತ್ತು ಬೇಕಲ್ಲ ಅಂದುಕೊಂಡೆವು. ಅದರ ಮರುದಿನ ಮತ್ತೆ ಎದ್ದು ಕೂತಳು. ನೋಡಿದ್ರಾ, ಇಳೀತಾ ಬಂತು ಅಂದಳು ಅವ್ವ. ಹೀಗೆ ಆ ಜ್ವರ ಒಂದು ದಿನ ನಮ್ಮನ್ನು ಕೊಂದು ಒಂದು ದಿನ ಬದುಕಿಸುತ್ತ, ಆ ಮಾತ್ರೆಗೆ ತಾನೇ ಸಾಕ್ಷಿ ಹೇಳುತ್ತ ಹೋಯಿತು. ಅಪ್ಪ ಗಡಿಯಾರ ನೋಡಿಕೊಂಡು ತಮ್ಮ ಕೈಯಿಂದಲೇ ಮಾತ್ರೆ ಕೊಡುತ್ತಿದ್ದರು. ಅಕ್ಕ ಕಹಿಗೆ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದಳು. ಚಿಕ್ಕವಳಿದ್ದಾಗ ಹರಳೆಣ್ಣೆ ಕುಡಿಯುವಾಗ ಮಾಡುತ್ತಿದ್ದ ಹಾಗೆಯೇ ಅಪ್ಪನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

ಆಮೇಲೆ ಜ್ವರ ಬಿಡುವ ದಿನ ಬರಲೇ ಇಲ್ಲ. ಕಣ್ಣು ಹಳದಿಗೆ ತಿರುಗಿತು, ಮಾತು ತೊದಲತೊಡಗಿತು. ಡಾಕ್ಟರಿಗೆ ಹೇಳಿಕಳಿಸಿದೆವು. ಅವರು ಬಂದು ನಾಡಿ ನೋಡಿ, ಏನು ಕೊಡುತ್ತಿದ್ದೀರಿ ಅಂದರು. ಅಪ್ಪ ಬಟ್ಟಲು ತಂದು ತೋರಿಸಿದರು. ಡಾಕ್ಟರು ಒಂದು ಮಾತ್ರೆಯನ್ನು ಉಗುರಿನಿಂದ ಎರಡು ಹೋಳು ಮಾಡಿ ಒಳಗಿನ ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡರು. ಆಮೇಲೆ ಇನ್ನೊಂದು ಹೋಳನ್ನು ಅಪ್ಪನ ಅಂಗೈ ಮೇಲಿಟ್ಟರು.

"ಒಳಗಡೆ ನೋಡಿ ಮೇಷ್ಟ್ರೇ. ಕಹಿ ಮೇಲೆ ಮಾತ್ರ ಸವರಿದಾರೆ. ಸ್ಪ್ಯೂರಿಯಸ್."

ಒಳಗಿದ್ದದ್ದು ಸೀಮೆಸುಣ್ಣದ ಪುಡಿ. ಅಪ್ಪ ದಿನಾ ಕೈಯಲ್ಲಿ ಹಿಡಿಯುವ ಪದಾರ್ಥ. ಅವರು ಅದನ್ನು ನಾಲಿಗೆಗೆ ಹಚ್ಚಿ ನೋಡುವ ಅಗತ್ಯವಿರಲಿಲ್ಲ. ಆದರೂ ಹಚ್ಚಿಕೊಂಡರು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಡಾಕ್ಟರ ಮಾತು ಕೇಳಿತ್ತು, ಕೊನೆಯ ಪದವೊಂದು ತಿಳಿದಿರಲಿಲ್ಲ.

"ಅವರು ಏನಂದ್ರು? ಹಂಗಂದ್ರೆ ಏನು?" ಅಂದಳು. ಅಪ್ಪ ಅಂಗೈಯ ಪುಡಿಯನ್ನೇ ನೋಡುತ್ತಿದ್ದರು. "ನಿಮಗೆ ಎಲ್ಲಾ ಪದಾನೂ ಗೊತ್ತಲ್ರೀ. ಹೇಳಿ, ಹಂಗಂದ್ರೆ ಏನು?"

ಮರುದಿನ ಹಗಲು ಅಕ್ಕ ಹೋದಳು. ಮಗು ಹೊಟ್ಟೆಯಲ್ಲೇ ಉಳಿಯಿತು. ಭದ್ರಾವತಿಯಿಂದ ಭಾವ ಬರುವ ಹೊತ್ತಿಗೆ ಅವಳ ಹಣೆಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಕೆಂಪು ಸೀರೆಯನ್ನೇ ಉಡಿಸಿದ್ದರು. ಭಾವ ಕಾರ್ಖಾನೆಯ ಮಸಿ ಮೆತ್ತಿದ ಬಟ್ಟೆಯಲ್ಲೇ ಬಂದಿದ್ದರು, ಹೊಸ್ತಿಲ ಆಚೆಯೇ ನಿಂತುಬಿಟ್ಟರು, ಒಳಗೆ ಬನ್ನಿ ಅಂದರೂ ಬರಲಿಲ್ಲ. ಅವಳ ಅತ್ತೆ, ಜರಿಯೆಳೆ ಸುಟ್ಟು ನೋಡಿದವರು, ಎಲ್ಲರಿಗಿಂತ ಹೆಚ್ಚು ಅತ್ತರು. ನಾನು ಅವರ ಅಳುವನ್ನೇ ನೋಡುತ್ತ ನಿಂತಿದ್ದೆ. ಇದು ನಿಜದ್ದೋ ಶಾಮೋ ಎಂದು ಪರೀಕ್ಷೆ ಮಾಡುತ್ತಿದ್ದೆ. ಆ ಹೊತ್ತಿನಲ್ಲಿ ಅಂಥ ಯೋಚನೆ ನನ್ನ ತಲೆಗೆ ಹೇಗೆ ಬಂತೋ. ಬಂದದ್ದು ಮತ್ತೆ ಹೋಗಲಿಲ್ಲ. ಎಲ್ಲರ ಅಳುವನ್ನೂ ನಗುವನ್ನೂ ನಾನು ಅಂದಿನಿಂದ ಹಾಗೆಯೇ ನೋಡುತ್ತ ಬಂದಿದ್ದೇನೆ. ಮದುವೆಯಾದ ಗಂಡನನ್ನೂ, ಹೆತ್ತ ಮಕ್ಕಳನ್ನೂ. ಈಗಲೂ ಮಾತ್ರೆ ನುಂಗುವ ಮೊದಲು ಒಡೆದು ಒಳಗಿನದನ್ನು ನಾಲಿಗೆಗೆ ಹಚ್ಚಿ ನೋಡುತ್ತೇನೆ. ಮನೆಯವರು ನಗುತ್ತಾರೆ.

ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮಾಡಿ ಪಡಸಾಲೆಯಲ್ಲಿ ಕೂತಿದ್ದಾಗ ಚನ್ನಮಾವ ಕಂಬಕ್ಕೊರಗಿ ನಿಂತಿದ್ದ. ನೀಲಮ್ಮತ್ತೆಗೆ ಜ್ವರ ಜೋರಾಗಿದ್ದರಿಂದ ಅವನು ಅಷ್ಟು ದಿನವೂ ಕುಂಸಿಯಲ್ಲೇ ಇದ್ದ. ಸುದ್ದಿ ತಿಳಿದು ಬರುವ ಹೊತ್ತಿಗೆ ಮಣ್ಣಿಗೆ ಹೊರಟಿದ್ದೆವು. ಮಾತ್ರೆಯ ವಿಷಯ ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅಪ್ಪ ಇದ್ದಕ್ಕಿದ್ದಂತೆ ಎದ್ದರು. ಅವರು ಗಟ್ಟಿಯಾಗಿ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಸುಣ್ಣ! ಸುಣ್ಣದ ಉಂಡೆ ತಂದು ಕೊಟ್ಟೆ ನನ್ನ ಮಗಳಿಗೆ. ಮದುವೆಗೆ ಖೋಟಾ ಜರಿ ತಂದೆ, ಸಾವಿಗೆ ಖೋಟಾ ಮಾತ್ರೆ ತಂದೆ. ಎಷ್ಟು ಉಳಿಸಿಕೊಂಡೆ ಅದರಲ್ಲಿ? ಯೂ ಆರ್ ಎ ಫ್ರಾಡ್! ಫ್ರಾಡ್!"

ಮಾವ ಅಪ್ಪನ ಮುಖವನ್ನೇ ನೋಡುತ್ತಿದ್ದ. ಅವ್ವ, "ನೀವೇ ನೋಡಿ ಕೊಟ್ರಲ್ರೀ, ನೀವೇ ರುಚಿ ನೋಡಿದ್ರಲ್ಲ" ಅಂತ ಗಂಟಲಲ್ಲೇ ಅಂದಳು. ಅದು ಅಪ್ಪನಿಗೆ ಕೇಳಿಸಿತೋ ಇಲ್ಲವೋ. ಮಾವ ಗೂಟಕ್ಕೆ ನೇತುಹಾಕಿದ್ದ ಟೋಪಿ ತೆಗೆದುಕೊಂಡು ಜಗಲಿ ಇಳಿದ. ಓಣಿಯ ತಿರುವಿನ ತನಕ ನಡೆದು ಹೋದವನು ಆಮೇಲೆ ಓಡತೊಡಗಿದ. ಯಾಕೆ ಓಡುತ್ತಿದ್ದಾನೆಂದು ನಮಗೆ ಅಂದು ತಿಳಿಯಲಿಲ್ಲ. ತಪ್ಪು ಮಾಡಿದವನು ಓಡುತ್ತಾನೆ ಅಂದುಕೊಂಡರು ಅಪ್ಪ.

ಅದಾಗಿ ತಿಂಗಳೊಳಗೆ ಕುಂಸಿಯಿಂದ ಒಬ್ಬರು ಬಂದು ನೀಲಮ್ಮತ್ತೆ ತೀರಿಕೊಂಡಳೆಂದು ಜಗಲಿಯಲ್ಲೇ ನಿಂತು ಹೇಳಿ ಹೋದರು. ಅಪ್ಪ ಕೂತಲ್ಲಿಂದ ಏಳಲಿಲ್ಲ. ಅವ್ವ ಅಪ್ಪನನ್ನು ಏನೂ ಕೇಳದೆ, ಸೆರಗು ಹೊದ್ದು, ನನ್ನ ಕೈ ಹಿಡಿದು ಹೊರಟಳು. ಕುಂಸಿಯ ಮನೆಯಲ್ಲಿ ಜನ ಬಂದು ಹೋಗಿ ಆಗಿತ್ತು. ಮಾವ ಒಲೆಯ ಮುಂದೆ ಒಬ್ಬನೇ ಕೂತಿದ್ದ. ಒಲೆ ಉರಿಯುತ್ತಿರಲಿಲ್ಲ. ಗೋಡೆಯ ಗೂಡಿನಲ್ಲಿ ಆ ಶೀಶೆ ಇತ್ತು, ತಳದಲ್ಲಿ ಎರಡೋ ಮೂರೋ ಮಾತ್ರೆ. ಅವ್ವನ ಕಣ್ಣು ಮೊದಲು ಬಿದ್ದದ್ದು ಅದರ ಮೇಲೇ.

"ಇವಳಿಗೂ ಇದನ್ನೇ ಕೊಟ್ಯೇನೋ?"

"ಇದನ್ನೇ ಅಕ್ಕ. ಅರ್ಧ ಪಾರುಗೆ, ಅರ್ಧ ಇವಳಿಗೆ. ಬೇರೆ ಎಲ್ಲಿತ್ತು?"

"ಅವತ್ತು ಅವರು ಬೈದ್ರಲ್ಲ, ಸುಣ್ಣ ಅಂತ. ಅವತ್ತಾದ್ರೂ ನಿಲ್ಲಿಸಬಾರದಿತ್ತಾ?"

"ಅದಕ್ಕೇ ಓಡಿ ಬಂದೆ. ಬಂದವನೇ ನಿಲ್ಲಿಸಿದೆ." ಮಾವ ಬೂದಿಯನ್ನು ಕಡ್ಡಿಯಿಂದ ಕೆದಕುತ್ತಿದ್ದ. "ಒಂದು ದಿನ ಸುಮ್ಮನಿದ್ಲು. ಆಮೇಲೆ ಕೇಳಿದ್ಲು, ಮಾತ್ರೆ ಯಾಕೆ ಕೊಡ್ತಿಲ್ಲ, ನನ್ನ ಆಸೆ ಬಿಟ್ರಾ ಅಂತ. ಗೋಡೆ ಕಡೆ ತಿರುಗಿ ಮಲಗಿದ್ಲು. ಊಟ ಬಿಟ್ಲು. ನಂಗೆ ನೋಡಕ್ಕೆ ಆಗಲಿಲ್ಲ ಅಕ್ಕ. ಗೊತ್ತಿದ್ದೂ ಕೊಟ್ಟೆ. ಕೊಟ್ಟಾಗ ಸ್ವಲ್ಪ ಗಂಜಿ ಕುಡಿದ್ಲು. ಇವತ್ತು ಪರವಾಗಿಲ್ಲ ಅನ್ಸುತ್ತೆ ಅಂದ್ಲು. ದಿನಾ ಕೊಟ್ಟೆ. ಕೊನೇ ತನಕ ಕೊಟ್ಟೆ."

ಅವ್ವ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಇಬ್ಬರೂ ಅಳಲಿಲ್ಲ. ಆಮೇಲೆ ಅವಳು ಎದ್ದು ಒಲೆ ಹಚ್ಚಿ ಅನ್ನಕ್ಕಿಟ್ಟಳು. ಮಾವ ಅದನ್ನು ಉಣ್ಣಲಿಲ್ಲ. ಸಾಯಂಕಾಲದ ರೈಲಿಗೆ ನಾವು ಹೊರಟಾಗ ಅವನು ಬಾಗಿಲ ತನಕವೂ ಬರಲಿಲ್ಲ.

ಮನೆಗೆ ಬಂದು ಅವ್ವ ಅಪ್ಪನ ಮುಂದೆ ನಿಂತು, ಒಂದು ಮಾತೂ ಹೆಚ್ಚುಕಡಿಮೆ ಮಾಡದೆ ಎಲ್ಲವನ್ನೂ ಹೇಳಿದಳು. ಅಪ್ಪ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದರು. ಕಂಬದ ಕಡೆಗೆ, ಮಾವ ನಿಂತಿದ್ದ ಜಾಗಕ್ಕೆ, ಒಮ್ಮೆ ನೋಡಿದರು. ಊಟದ ಹೊತ್ತಿನ ಪದಗಳು ಅಕ್ಕ ಹೋದಂದಿನಿಂದಲೇ ನಿಂತಿದ್ದವು. ಈಗ ಅಪ್ಪನ ಮಾತೇ ನಿಂತಿತು. ಶಾಲೆಯಲ್ಲಿ ಪಾಠ ಓದಿಸಿ ಸುಮ್ಮನೆ ಕೂತಿರುತ್ತಾರೆಂದು ಹುಡುಗರು ಹೇಳುತ್ತಿದ್ದರು. ನನಗೆ ಇಂಗ್ಲಿಷ್ ಕಲಿಯಬೇಕೆಂಬ ಆಸೆಯೂ ಹಾಗೆಯೇ ಕರಗಿಹೋಯಿತು. ಮುಂದೆ ನಾನೂ ಟೀಚರಾದೆ. ಕಲಿಸಿದ್ದು ಲೆಕ್ಕ.

ಗೌರಿ ಹಬ್ಬಕ್ಕೆ ಇನ್ನೂ ಸ್ವಲ್ಪ ದಿನವಿರುವಾಗ, ಒಂದು ಭಾನುವಾರ ಬೆಳಿಗ್ಗೆ ಅಪ್ಪ ಕೋಟು ಹಾಕಿಕೊಂಡು, "ಶಾಂತೂ, ಬಾ, ಕುಂಸಿಗೆ ಹೋಗಿಬರೋಣ," ಅಂದರು. ಹಬ್ಬಕ್ಕೆ ಅಕ್ಕತಂಗಿಯರನ್ನು ತೌರಿನವರು ಕರೆಯುವುದು ವಾಡಿಕೆ. ನಮ್ಮಲ್ಲಿ ಅದು ತಿರುಗುಮುರುಗಾಗಿ, ಪ್ರತಿವರ್ಷ ಅವ್ವನೇ ತಮ್ಮನನ್ನು ಕರೆಸುತ್ತಿದ್ದಳು. ಆ ಬೆಳಿಗ್ಗೆ ಅವ್ವ ಒಂದು ಚೀಲದಲ್ಲಿ ಅವಲಕ್ಕಿ, ಬೆಲ್ಲ ಕಟ್ಟಿ ನನ್ನ ಕೈಗೆ ಕೊಟ್ಟಳು. ರೈಲಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದರು. ಕ್ಲಾಸಿಗೆ ಹೋಗುವ ಮುಂಚೆ ಪಾಠ ಹೇಳಿಕೊಳ್ಳುತ್ತಿದ್ದ ಹಾಗೆ.

ಮಾವ ಬಾಗಿಲು ತೆರೆದ. ಗಡ್ಡ ಬಿಟ್ಟಿದ್ದ, ಬಹಳ ಇಳಿದುಹೋಗಿದ್ದ. ಅಪ್ಪನನ್ನು ನೋಡಿ ಅವನಿಗೆ ಆಶ್ಚರ್ಯವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. "ಬನ್ನಿ ಭಾವ, ಕಾಲಿಗೆ ನೀರು ತಗೊಳ್ಳಿ," ಅಂದ. ಚಾಪೆ ಹಾಸಿದ. ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟ. ಮಳೆ ಹೇಗೆ, ರೇಷನ್ ಅಕ್ಕಿ ಹೇಗೆ ಬರ್ತಿದೆ ಎಂದು ಕೇಳಿದ. ಹೊಸ ನೆಂಟರ ಜೊತೆ ಆಡುವ ಮಾತು. ಅಪ್ಪ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದರು.

"ಚನ್ನಬಸಪ್ಪ," ಅಂದರು ಕೊನೆಗೆ. "ಅವತ್ತು ನಾನು ಆಡಬಾರದ ಮಾತು ಆಡಿದೆ."

ಮಾವ ತಲೆಯೆತ್ತದೆ ಹೇಳಿದ:

"ಆ ಮಾತು ನಂಗೆ ಅವತ್ತು ತಿಳಿಯಲಿಲ್ಲ ಭಾವ. ಇಂಗ್ಲಿಷಿನಲ್ಲಿ ಅಂದ್ರಲ್ಲ. ಜ್ವರದ ಹೆಸರೇನೋ, ಔಷಧಿ ಹೆಸರೇನೋ ಅಂದ್ಕೊಂಡೆ. ನೀಲಮ್ಮನ್ನ ಉಳಿಸಕ್ಕೆ ಬೇಕಾಗಬಹುದು ಅಂತ ಬಾಯಲ್ಲೇ ಹೇಳ್ಕೊಂಡು ಓಡಿದೆ, ಮರೀಬಾರದು ಅಂತ. ಇಲ್ಲಿ ಸ್ಟೇಷನ್ ಮಾಸ್ಟರ್ ಇಂಗ್ಲಿಷ್ ಬಲ್ಲವರು. ಅವರನ್ನ ನಿಲ್ಲಿಸಿ ಕೇಳಿದೆ. ಅವರು ಅರ್ಥ ಹೇಳಿದ್ರು."

ಅಪ್ಪ ಮಜ್ಜಿಗೆಯ ಲೋಟವನ್ನು ಕುಡಿಯದೆ ಕೆಳಗಿಟ್ಟರು. ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ. "ಹಬ್ಬಕ್ಕೆ ಬಾ. ನಿಮ್ಮಕ್ಕ ಕಾಯ್ತಾಳೆ," ಅಂತಷ್ಟೇ ಅಂದರು.

"ಇನ್ನು ಅಲ್ಲಿಗೆ ಬರಲ್ಲ ಭಾವ," ಅಂದ ಮಾವ. ಬಹಳ ಮೆತ್ತಗೆ ಅಂದ. "ಅಂಗಡಿ ಬಿಟ್ಟುಬಿಟ್ಟೆ. ಅಕ್ಕನ್ನ ಚೆನ್ನಾಗಿ ನೋಡ್ಕೊಳ್ಳಿ. ನಾನು ಬರಲ್ಲ."

ಅವಲಕ್ಕಿಯ ಚೀಲವನ್ನು ನಾನು ಹೊಸ್ತಿಲ ಹತ್ತಿರ ಇಟ್ಟೆ. ಸ್ಟೇಷನ್ನಿನ ತನಕ ಅಪ್ಪ ನನ್ನ ಮುಂದೆ ಮುಂದೆ ನಡೆದರು. ರೈಲಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಮಾಡುತ್ತಿರಲಿಲ್ಲ. ಶಿವಮೊಗ್ಗದಲ್ಲಿ ಇಳಿದು ಓಣಿಗೆ ತಿರುಗಿದಾಗ ಅವ್ವ ಜಗಲಿಯ ಮೇಲೇ ನಿಂತಿರುವುದು ಕಂಡಿತು. ನಮ್ಮ ಹಿಂದೆ ಇನ್ನೂ ಯಾರಾದರೂ ಬರುತ್ತಿದ್ದಾರೆಯೇ ಎಂದು ಅವಳು ಕತ್ತು ಚಾಚಿ ನೋಡುತ್ತಿದ್ದಳು.

"ಏನಂದ?" ಅಂದಳು.

ಅಪ್ಪ ಚಪ್ಪಲಿ ಬಿಟ್ಟರು. ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿದರು.

"ಬರ್ತಾನಂತೆ," ಅಂದರು. "ಹಬ್ಬಕ್ಕೆ ಬರ್ತಾನಂತೆ. ನಿನ್ನನ್ನ ಕೇಳಿದ."

ಅವ್ವ ನನ್ನ ಮುಖ ನೋಡಿದಳು. ನಾನು ಕಾಲು ತೊಳೆಯಲು ಬಚ್ಚಲಿಗೆ ಹೋದೆ. ಹಬ್ಬದ ದಿನ ಅವಳು ಬೆಳಿಗ್ಗೆಯೇ ಎದ್ದು ಹೋಳಿಗೆಗೆ ಕಡಲೆಬೇಳೆ ಬೇಯಲಿಟ್ಟಳು. ಮಧ್ಯಾಹ್ನ ಒಂದು ಮಣೆ ಹೆಚ್ಚಿಗೆ ಹಾಕಿ, ಎಲೆ ಹಾಸಿ, ನೀರು ಚಿಮುಕಿಸಿ, ನಮ್ಮನ್ನೂ ಉಣ್ಣಗೊಡದೆ ಬಾಗಿಲ ಕಡೆ ನೋಡುತ್ತ ಕೂತಳು.